ಅರ್ಥವನ್ನು ತೊರೆದು ಅಧಿಕಾರವನ್ನು ಪಡೆದ ಕ್ರಿಯಾಪದ

ಇಂಗ್ಲಿಷನ್ನು ತಾಯಿಯ ಮಡಿಲಲ್ಲಿ ಕಲಿತವರಿಗೂ, ನಮ್ಮಂತೆ ಶಾಲೆಯ ಮಣೆಯ ಮೇಲೆ ಕುಳಿತು ಪುಸ್ತಕದಿಂದ ಕಲಿತವರಿಗೂ, ದಿನಬೆಳಗಾದರೆ ನಾಲಗೆಯ ತುದಿಗೆ ತಾನಾಗಿ ಬಂದು ನಿಲ್ಲುವ ಕ್ರಿಯಾಪದಗಳಲ್ಲಿ ‘ಡೂ’ ಎಂಬುದು ಒಂದು. ಅದರ ಅರ್ಥವೇನೆಂದು ಕೇಳಿದರೆ ‘ಮಾಡು’ ಎಂದು ಯಾವ ಬಾಲಕನಾದರೂ ಹೇಳಿಯಾನು. ಹೇಳಿದ್ದು ತಪ್ಪೂ ಅಲ್ಲ. ಆದರೆ ‘ಡೂ ಯು ನೋ?’ ಎಂದು ಒಬ್ಬರು ಇನ್ನೊಬ್ಬರನ್ನು ಕೇಳುವಾಗ ಅಲ್ಲಿ ಮಾಡತಕ್ಕ ಕಾರ್ಯ ಯಾವುದು, ಮಾಡುವವರು ಯಾರು? ‘ಐ ಡು ನಾಟ್ ನೋ’ ಎಂದು ಉತ್ತರ ಕೊಟ್ಟವನು ಏನನ್ನು ಮಾಡಲಿಲ್ಲ? ತಿಳಿದಿರುವುದು ಒಂದು ಸ್ಥಿತಿಯೇ ಹೊರತು ಕೃತ್ಯವಲ್ಲ. ಹಾಗಿದ್ದೂ ಆ ವಾಕ್ಯದ ಮುಂಭಾಗದಲ್ಲಿ ಕೃತ್ಯವಾಚಕವಾದ ಪದವೊಂದು ನಿಂತು, ಅದಿಲ್ಲದೆ ವಾಕ್ಯವೇ ಸಲ್ಲದೆಂಬ ನಿಯಮವನ್ನು ಜಾರಿಯಲ್ಲಿಟ್ಟಿದೆ. ಪ್ರಶ್ನೆಯಾದರೆ ಅದನ್ನು ಕರೆಯಬೇಕು, ನಿಷೇಧವಾದರೆ ಅದನ್ನು ಕರೆಯಬೇಕು, ಒತ್ತಿ ಹೇಳಬೇಕಾದರೂ ಅದನ್ನೇ ಕರೆಯಬೇಕು. ಹಾಗೆ ಕರೆದಾಗಲೆಲ್ಲ ಅದು ತನ್ನ ಸ್ವಂತ ಅರ್ಥವನ್ನು ಹೊರಗಿಟ್ಟು ಬರಬೇಕು. ಪ್ರಪಂಚದ ದೊಡ್ಡ ಭಾಷೆಗಳಲ್ಲಿ ಇಂಥ ವ್ಯವಸ್ಥೆ ವಿರಳ. ಇಂಗ್ಲಿಷಿನ ಸೋದರಭಾಷೆಗಳಾದ ಜರ್ಮನ್ ಡಚ್ಚುಗಳ ಶಿಷ್ಟರೂಪದಲ್ಲಿಯೂ ಇದು ಕಡ್ಡಾಯವಲ್ಲ. ನಮ್ಮ ವ್ಯಾಕರಣ ಬೋಧನೆಯಲ್ಲಿ ಇದನ್ನು ಕಾರಣವಿಲ್ಲದ ಕಟ್ಟಳೆಯೆಂಬಂತೆ ಕಂಠಪಾಠ ಮಾಡಿಸುವುದು ವಾಡಿಕೆ. ಆದರೆ ಈ ಕಟ್ಟಳೆಗೆ ಚರಿತ್ರೆಯುಂಟು, ಆ ಚರಿತ್ರೆಯನ್ನು ಅರಿತವನಿಗೆ ಕಟ್ಟಳೆಯ ಭಾರ ಅರ್ಧಕ್ಕರ್ಧ ಇಳಿಯುವುದೆಂಬುದು ನನ್ನ ನಂಬಿಕೆ.

ಮೊದಲು ಪದದ ಕುಲವನ್ನು ವಿಚಾರಿಸಬೇಕು. ಯೂರೋಪಿನ ಹಲವು ಭಾಷೆಗಳಿಗೂ ಸಂಸ್ಕೃತಕ್ಕೂ ಸಮಾನವಾದ ಒಂದು ಮೂಲವಿರಬೇಕೆಂದು ಸರ್ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಪ್ರತಿಪಾದಿಸಿದ ಮೇಲೆ, ಆ ಮೂಲಭಾಷೆಯ ಧಾತುಗಳನ್ನು ಹುಡುಕಿ ಹೊಂದಿಸುವ ಕೆಲಸ ಶತಮಾನಕ್ಕೂ ಮಿಕ್ಕಿ ನಡೆಯಿತು. ಆ ಶೋಧದಲ್ಲಿ ‘ಡೂ’ ಎಂಬುದು ನಮ್ಮ ಸಂಸ್ಕೃತದ ‘ಧಾ’ ಧಾತುವಿನ ಒಡಹುಟ್ಟಿದುದೆಂದು ನಿರ್ಧಾರವಾಗಿದೆ. ಮೂಲದ ಮಹಾಪ್ರಾಣ ಧಕಾರ ಜರ್ಮಾನಿಕ್ ಶಾಖೆಯಲ್ಲಿ ಪ್ರಾಣವನ್ನು ಕಳೆದುಕೊಂಡು ಅಲ್ಪಪ್ರಾಣವಾಗುವುದು ಯಾಕೋಬ್ ಗ್ರಿಮ್ ಎಂಬ ಪಂಡಿತನು 1822ರಲ್ಲಿ ವಿವರಿಸಿದ ನಿಯಮಕ್ಕೆ ಅನುಸಾರವಾದುದು. ಧಾ ಧಾತುವಿನ ಆದಿಮ ಅರ್ಥ ‘ಮಾಡು’ ಎಂದಲ್ಲ, ‘ಇಡು’, ‘ನೆಲೆಗೊಳಿಸು’ ಎಂದು. ನಿಧಿ, ಸಂಧಿ, ಸಮಾಧಾನ, ಅವಧಾನ, ಶ್ರದ್ಧೆ, ಪ್ರಧಾನ ಎಂಬೀ ಮಾತುಗಳಲ್ಲೆಲ್ಲ ನಾವು ನಿತ್ಯವೂ ಬಳಸುತ್ತಿರುವುದು ಅದೇ ಧಾತುವನ್ನು. ಅಷ್ಟೇಕೆ, ‘ಧಾತು’ ಎಂಬ ವ್ಯಾಕರಣದ ಪರಿಭಾಷೆಯೇ ಅದರಿಂದ ಹುಟ್ಟಿದುದು. ಗ್ರೀಕ್ ಭಾಷೆಯಲ್ಲಿ ಅದು ಇಡುವ ಅರ್ಥದಲ್ಲಿಯೇ ಉಳಿಯಿತು. ಲ್ಯಾಟಿನ್ನಿನಲ್ಲಿಯೂ ಜರ್ಮಾನಿಕ್ ಭಾಷೆಗಳಲ್ಲಿಯೂ ಇಡುವುದರಿಂದ ಮಾಡುವುದಕ್ಕೆ ಜಾರಿತು.

ಈ ಕುಲದಲ್ಲಿ ನನಗೆ ಅತ್ಯಂತ ಆಶ್ಚರ್ಯಕರವಾಗಿ ತೋರಿದ ಸಂಬಂಧ ಒಂದುಂಟು. ‘ಡೂ’ವಿನಿಂದ ‘ಡೀಡ್’ ಹುಟ್ಟಿತು, ಅದು ಕೃತ್ಯ. ಅದೇ ಧಾತುವಿನ ಇನ್ನೊಂದು ಸಂತಾನ ‘ಡೂಮ್’. ಇಂದು ಡೂಮ್ ಎಂದರೆ ದುರ್ಗತಿ, ತಪ್ಪಿಸಿಕೊಳ್ಳಲಾಗದ ಅಂತ್ಯ. ಪ್ರಾಚೀನ ಇಂಗ್ಲಿಷಿನಲ್ಲಾದರೋ ಅದರ ಅರ್ಥ ‘ನೆಲೆಗೊಳಿಸಿದ್ದು’, ಅರ್ಥಾತ್ ಶಾಸನ, ತೀರ್ಪು. ವಿಜೇತನಾದ ವಿಲಿಯಂ ದೊರೆ 1086ರಲ್ಲಿ ಇಂಗ್ಲೆಂಡಿನ ಭೂಮಿಕಾಣಿಗಳನ್ನೆಲ್ಲ ಅಳೆಯಿಸಿ ಬರೆಯಿಸಿದ ದಫ್ತರಕ್ಕೆ ಜನ ‘ಡೂಮ್ಸ್‌ಡೇ ಬುಕ್’ ಎಂದು ಹೆಸರಿಟ್ಟದ್ದು ಅದರ ನಿರ್ಣಯದ ಮೇಲೆ ಮೇಲ್ಮನವಿಯಿಲ್ಲವೆಂಬ ಭಾವನೆಯಿಂದ. ಇತ್ತ ಸಂಸ್ಕೃತದಲ್ಲಿ ಅದೇ ಧಾತುವಿಗೆ ‘ವಿ’ ಉಪಸರ್ಗ ಸೇರಿ ‘ವಿಧಿ’ಯಾಯಿತು, ಅದೂ ಮೊದಲು ಕಟ್ಟಳೆ, ಶಾಸ್ತ್ರವಾಕ್ಯ, ಆಮೇಲೆ ಹಣೆಯ ಬರಹ. ಪರಸ್ಪರ ಗುರುತೇ ಇಲ್ಲದೆ ಸಹಸ್ರಾರು ಮೈಲಿಗಳ ಅಂತರದಲ್ಲಿ ಬೆಳೆದ ಎರಡು ಭಾಷೆಗಳು ಒಂದೇ ಧಾತುವನ್ನು ಒಂದೇ ದಾರಿಯಲ್ಲಿ ನಡೆಯಿಸಿ, ಮನುಷ್ಯನ ಶಾಸನದಿಂದ ದೈವದ ಶಾಸನಕ್ಕೆ ಕೊಂಡೊಯ್ದವು. ಶಬ್ದಗಳ ಚರಿತ್ರೆಯನ್ನು ಓದುವವನಿಗೆ ಇಂಥ ಸ್ಥಳಗಳಲ್ಲಿ ಒಂದು ಕ್ಷಣ ನಿಲ್ಲದೆ ಮುಂದುವರಿಯಲಾಗದು.

ಪೂರ್ಣಾರ್ಥದ ಕ್ರಿಯಾಪದವಾಗಿ ‘ಡೂ’ ಮಾಡುವ ಕೆಲಸಗಳನ್ನು ಎಣಿಸುತ್ತ ಹೋದರೆ ಅದಕ್ಕೆ ಮಿತಿಯಿಲ್ಲ. ಪಾತ್ರೆ ತೊಳೆಯುವುದು, ಕೂದಲು ಬಾಚಿ ಕಟ್ಟುವುದು, ಲೆಕ್ಕ ಬಿಡಿಸುವುದು, ಸೆರೆಮನೆಯಲ್ಲಿ ಶಿಕ್ಷೆಯ ಅವಧಿಯನ್ನು ಕಳೆಯುವುದು, ಗಂಟೆಗೆ ಅರುವತ್ತು ಮೈಲಿ ಓಡುವುದು, ಇವೆಲ್ಲಕ್ಕೂ ಅದೊಂದೇ ಪದ ಸಾಲುತ್ತದೆ. ‘ದಟ್ ವಿಲ್ ಡೂ’ ಎಂದರೆ ‘ಅಷ್ಟು ಸಾಕು’. ‘ಹೌ ಡು ಯು ಡೂ’ ಎಂಬ ಉಪಚಾರದಲ್ಲಿ ಅದು ಎರಡು ಸಲ ಬಂದು, ಮೊದಲ ಸಲ ಅರ್ಥಶೂನ್ಯವಾಗಿ, ಎರಡನೆಯ ಸಲ ‘ಬಾಳು, ಕ್ಷೇಮವಾಗಿರು’ ಎಂಬ ಅರ್ಥವನ್ನು ತಳೆದು ನಿಲ್ಲುತ್ತದೆ. ಉಡುಪನ್ನು ತೊಡುವುದಕ್ಕೆ ‘ಡಾನ್’, ಕಳಚುವುದಕ್ಕೆ ‘ಡಾಫ್’ ಎಂಬ ಪದಗಳಿವೆಯಲ್ಲ, ಅವು ‘ಡೂ ಆನ್’, ‘ಡೂ ಆಫ್’ ಎಂಬ ಜೋಡಿಗಳು ಬೆಸೆದು ಆದವು. ಮೈಮೇಲೆ ಇಡು, ಮೈಯಿಂದ ತೆಗೆದಿಡು ಎಂಬಲ್ಲಿ ಧಾತುವಿನ ಹಳೆಯ ಅರ್ಥ ಇನ್ನೂ ಉಸಿರಾಡುತ್ತಿರುವುದನ್ನು ಕಾಣಬಹುದು.

ಇನ್ನು ಈ ಸಮೃದ್ಧ ಪದ ಬರಿದಾದ ಬಗೆ. ಮಧ್ಯಯುಗದ ಇಂಗ್ಲಿಷಿನಲ್ಲಿ ‘ಡೂ’ವಿಗೆ ಪ್ರೇರಣಾರ್ಥವೂ ಇತ್ತು, ‘ದೊರೆ ಕೋಟೆಯನ್ನು ಕಟ್ಟಿಸಿದನು’ ಎಂಬಲ್ಲಿ ನಮ್ಮ ‘ಇಸು’ ಪ್ರತ್ಯಯ ಮಾಡುವ ಕೆಲಸವನ್ನು ಅಲ್ಲಿ ‘ಡಿಡ್’ ಮಾಡುತ್ತಿತ್ತು. ಆದರೆ ದೊರೆ ಕೋಟೆ ಕಟ್ಟಿಸಿದನೆಂದರೂ ಒಂದೇ, ಕಟ್ಟಿದನೆಂದರೂ ಒಂದೇ. ಕಲ್ಲು ಹೊತ್ತವನು ದೊರೆಯಲ್ಲವೆಂಬುದು ಕೇಳುವವನಿಗೆ ಗೊತ್ತು, ಕೋಟೆ ಎದ್ದುನಿಂತಿತೆಂಬುದಷ್ಟೇ ಮುಖ್ಯ. ಶಾಜಹಾನನು ತಾಜಮಹಲನ್ನು ಕಟ್ಟಿದನೆಂದು ನಾವೂ ಸಂಕೋಚವಿಲ್ಲದೆ ಹೇಳುವೆವು. ಇಂಥ ವಾಕ್ಯಗಳಲ್ಲಿ ಪ್ರೇರಣೆಯ ಅರ್ಥ ಸಡಿಲಗೊಂಡು, ‘ಡಿಡ್ ಬಿಲ್ಡ್’ ಎಂಬುದು ‘ಕಟ್ಟಿದನು’ ಎಂಬುದರ ಉದ್ದನೆಯ ರೂಪವಾಗಿ ಮಾತ್ರ ಉಳಿಯಿತು. ಹೀಗೆಂದು ಸಾಧಿಸಿದವನು ಆಲ್ವಾರ್ ಎಲ್ಲೆಗೋರ್ಡ್ ಎಂಬ ಸ್ವೀಡನ್ ದೇಶದ ವಿದ್ವಾಂಸ. 1390ರಿಂದ 1710ರವರೆಗಿನ ಇಂಗ್ಲಿಷ್ ಗ್ರಂಥಗಳನ್ನು ಜಾಲಾಡಿ, ‘ಡೂ’ ಇರುವ ವಾಕ್ಯಗಳನ್ನೂ ಇಲ್ಲದ ವಾಕ್ಯಗಳನ್ನೂ ಎಣಿಸಿ, 1953ರಲ್ಲಿ ಅವನು ಪ್ರಕಟಿಸಿದ ಪುಸ್ತಕ ಈ ವಿಷಯದಲ್ಲಿ ಇಂದಿಗೂ ಎಲ್ಲರೂ ಹಿಂದಿರುಗಿ ನೋಡುವ ಆಕರ.

ಎಲ್ಲೆಗೋರ್ಡನ ಎಣಿಕೆಯಿಂದ ಹೊರಬಿದ್ದ ಚಿತ್ರ ಸ್ವಾರಸ್ಯಕರವಾದುದು. ಹದಿನಾರನೆಯ ಶತಮಾನದಲ್ಲಿ ‘ಡೂ’ ಎಲ್ಲೆಡೆಯೂ ಏರಿತು: ಪ್ರಶ್ನೆಗಳಲ್ಲಿ ವೇಗವಾಗಿ, ನಿಷೇಧಗಳಲ್ಲಿ ಕೊಂಚ ನಿಧಾನವಾಗಿ, ಪ್ರಶ್ನೆಯೂ ನಿಷೇಧವೂ ಅಲ್ಲದ ಸಾದಾ ವಾಕ್ಯಗಳಲ್ಲಿಯೂ ಅಷ್ಟಿಷ್ಟು. ಆ ಸಾದಾ ವಾಕ್ಯಗಳಲ್ಲಿ, ಯಾವ ಒತ್ತೂ ಇಲ್ಲದೆ, ‘ಐ ಡು ಸೀ’ ಎಂದು ಹೇಳುವ ರೂಢಿ 1575ರ ಸುಮಾರಿಗೆ ಶಿಖರವನ್ನು ಮುಟ್ಟಿತು, ಹತ್ತು ವಾಕ್ಯಗಳಲ್ಲಿ ಒಂದರ ಸಮೀಪ. ಅಲ್ಲಿಂದ ಮುಂದೆ ಅದು ಇಳಿಮುಖವಾಯಿತು. ಪ್ರಶ್ನೆ ನಿಷೇಧಗಳಲ್ಲಾದರೋ ಏರಿದ್ದು ಏರುತ್ತಲೇ ಹೋಗಿ ನಿಯಮವಾಗಿಬಿಟ್ಟಿತು. ಷೇಕ್ಸ್‌ಪಿಯರ್ ಬರೆದುದು ಈ ಸಂಧಿಕಾಲದಲ್ಲಿ. ಅವನ ನಾಟಕಗಳ ಪಾತ್ರಗಳು ‘ಡೂ’ ಹಚ್ಚಿಯೂ ಪ್ರಶ್ನಿಸುವರು, ಹಚ್ಚದೆಯೂ ಪ್ರಶ್ನಿಸುವರು, ಛಂದಸ್ಸು ಯಾವುದನ್ನು ಬೇಡುವುದೋ ಅದನ್ನು. 1611ರ ಅಧಿಕೃತ ಇಂಗ್ಲಿಷ್ ಬೈಬಲ್ಲು ಹಳೆಯ ರೀತಿಯನ್ನೇ ಹೆಚ್ಚಾಗಿ ಹಿಡಿದುದರಿಂದ ಅದರಲ್ಲಿ ನಿಷೇಧಗಳು ಬಹುಮಟ್ಟಿಗೆ ‘ಡೂ’ ಇಲ್ಲದೆ ನಿಂತಿವೆ. ಆದರೆ ‘ಊಟ ಮಾಡಿದರು’ ಎನ್ನಬೇಕಾದಲ್ಲಿ ಮಾತ್ರ ‘ಡಿಡ್ ಈಟ್’ ಎಂದು ಮತ್ತೆ ಮತ್ತೆ ಬರುವುದು.

ಇಳಿಮುಖವಾದ ಸಾದಾ ‘ಡೂ’ವಿಗೆ ಕೊನೆಯ ಆಶ್ರಯ ಕೊಟ್ಟವರು ಪದ್ಯಕಾರರು. ನಮ್ಮ ಲಾಕ್ಷಣಿಕರು ಪಾದಪೂರಣವೆಂದು ಕರೆದು, ಚ ವೈ ತು ಹಿ ಎಂಬ ಅವ್ಯಯಗಳಿಗೆ ಆರೋಪಿಸಿದ ವೃತ್ತಿಯನ್ನೇ ಇಂಗ್ಲಿಷ್ ಪದ್ಯದಲ್ಲಿ ಇದು ಕೈಕೊಂಡಿತು. ಅಲೆಗ್ಸಾಂಡರ್ ಪೋಪ್ 1711ರಲ್ಲಿ ಪ್ರಕಟಿಸಿದ ವಿಮರ್ಶೆಯ ಕುರಿತಾದ ತನ್ನ ಪದ್ಯಪ್ರಬಂಧದಲ್ಲಿ ಇಂಥ ಪೂರಣಪದಗಳ ದೌರ್ಬಲ್ಯವನ್ನು ಖಂಡಿಸುವ ಸಾಲಿನೊಳಗೇ ಒಂದು ‘ಡೂ’ವನ್ನು ಬೇಕೆಂದೇ ತುರುಕಿ ದೋಷವನ್ನು ಕಣ್ಣಿಗೆ ಕಾಣಿಸಿದನು. ಡಾಕ್ಟರ್ ಜಾನ್ಸನ್ 1755ರ ತನ್ನ ಮಹಾನಿಘಂಟಿಗೆ ಮುಂದಿರಿಸಿದ ವ್ಯಾಕರಣದಲ್ಲಿ ಈ ಪ್ರಯೋಗವನ್ನು ಅನಾವಶ್ಯಕವೆಂದೂ ದುಷ್ಟವೆಂದು ಗಣಿಸಲ್ಪಟ್ಟುದೆಂದೂ ದಾಖಲಿಸಿದನು. ಪ್ರಶ್ನೆಯಲ್ಲಿ ಇಲ್ಲದಿದ್ದರೆ ತಪ್ಪು, ಸಾದಾ ವಾಕ್ಯದಲ್ಲಿ ಇದ್ದರೆ ತಪ್ಪು ಎಂಬ ಇಂದಿನ ಸ್ಥಿತಿ ನೆಲೆಗೊಂಡದ್ದು ಹೀಗೆ.

ಇದೇ ಅವಧಿಯ ಇನ್ನೊಂದು ಸಣ್ಣ ಸಂಗತಿಯನ್ನು ಹೇಳದೆ ಬಿಡಲಾರೆ. ಆಂಗ್ಲಿಕನ್ ಚರ್ಚಿನ 1549ರ ಪ್ರಾರ್ಥನಾಗ್ರಂಥದಲ್ಲಿ ವಧೂವರರು ಮರಣವು ತಮ್ಮನ್ನು ಬೇರ್ಪಡಿಸುವವರೆಗೂ ಜೊತೆಯಾಗಿರುವೆವೆಂದು ಪ್ರತಿಜ್ಞೆ ಮಾಡುವಾಗ ಬೇರ್ಪಡಿಸುವುದಕ್ಕೆ ‘ಡಿಪಾರ್ಟ್’ ಎಂಬ ಪದವಿತ್ತು. ಕಾಲಕ್ರಮದಲ್ಲಿ ಆ ಪದಕ್ಕೆ ‘ಹೊರಟುಹೋಗು’ ಎಂಬ ಅರ್ಥವೇ ಉಳಿದು, ‘ಬೇರ್ಪಡಿಸು’ ಎಂಬ ಸಕರ್ಮಕಾರ್ಥ ಅಳಿಯಿತು. 1662ರ ಪರಿಷ್ಕರಣದಲ್ಲಿ ‘ಡಿಪಾರ್ಟ್’ ಹೋಗಿ ‘ಡೂ ಪಾರ್ಟ್’ ಬಂತು: ಕಿವಿಗೆ ಒಗ್ಗಿದ ಲಯವೂ ಉಳಿಯಿತು, ಕೆಟ್ಟ ಅರ್ಥವೂ ನೇರವಾಯಿತು. ಇಂದಿಗೂ ಇಂಗ್ಲಿಷ್ ಮಾತನಾಡುವ ಜಗತ್ತಿನ ಮದುವೆಗಳಲ್ಲಿ ಉಚ್ಚಾರವಾಗುವ ಆ ‘ಡೂ’ ಅರ್ಥಕ್ಕಾಗಿ ಬಂದುದಲ್ಲ. ಒಂದು ಉಚ್ಚಾರಣೆಯ ಜಾಗವನ್ನು ಕಾಯುವುದಕ್ಕಾಗಿ ಬಂದುದು.

ಹೊಸ ನಿಯಮಕ್ಕೆ ಎಲ್ಲ ಕ್ರಿಯಾಪದಗಳೂ ಏಕಕಾಲದಲ್ಲಿ ಶರಣಾಗಲಿಲ್ಲ. ತಿಳಿಯುವುದನ್ನು ಹೇಳುವ ‘ನೋ’, ಸಂದೇಹವನ್ನು ಹೇಳುವ ‘ಡೌಟ್’, ಲಕ್ಷ್ಯವನ್ನು ಹೇಳುವ ‘ಕೇರ್’ ಮುಂತಾದ ಕೆಲವು ಬಹಳ ಕಾಲ ಹಟ ಹಿಡಿದು, ‘ಐ ನೋ ನಾಟ್’ ಎಂಬ ಹಳೆಯ ರೂಪವನ್ನು ಉಳಿಸಿಕೊಂಡವು. ಈ ಸಂಗತಿಯನ್ನು ಓದಿದಾಗ ಕನ್ನಡಿಗನಾದವನಿಗೆ ಸ್ವಂತ ಮನೆಯ ನೆನಪಾಗಬೇಕು. ಹಳಗನ್ನಡದಲ್ಲಿ ಯಾವ ಧಾತುವಿಗಾದರೂ ನೇರವಾಗಿ ನಿಷೇಧರೂಪವಿತ್ತು: ಮಾಡೆಂ, ಮಾಡಂ, ಮಾಡರ್. ಹೊಸಗನ್ನಡದಲ್ಲಿ ಆ ಕೆಲಸವನ್ನು ‘ಇಲ್ಲ’ ಎಂಬ ಸಹಾಯಕ ವಹಿಸಿಕೊಂಡು ‘ಮಾಡುವುದಿಲ್ಲ’, ‘ಮಾಡಲಿಲ್ಲ’ ಎಂದಾಯಿತು. ಆದರೂ ಅರಿಯೆ, ಕಾಣೆ, ಒಲ್ಲೆ, ಆರೆ ಎಂಬ ಹಳೆಯ ರೂಪಗಳು ಬರಹದಲ್ಲಿಯೂ ಹಳ್ಳಿಯ ಬಾಯಲ್ಲಿಯೂ ಉಳಿದುಬಂದಿವೆ. ಬಾರದು, ಕೂಡದು, ಸಲ್ಲದು ಎಂಬವಂತೂ ನಿತ್ಯವ್ಯವಹಾರದಲ್ಲಿವೆ. ಅರಿವು, ಕಾಣ್ಕೆ, ಒಪ್ಪಿಗೆಗಳನ್ನು ಹೇಳುವ ಮಾತುಗಳು ಮೇಲಿಂದ ಮೇಲೆ ನಾಲಗೆಗೆ ಬರುವುದರಿಂದ ಸವೆಯದೆ ಗಟ್ಟಿಯಾಗಿ ನಿಲ್ಲುವುವೆಂಬುದು ಎರಡು ಕಡೆಯಲ್ಲಿಯೂ ಕಂಡುಬರುವುದು. ‘ನಾನರಿಯೆ’ ಎಂಬುದಕ್ಕೂ ‘ಐ ನೋ ನಾಟ್’ ಎಂಬುದಕ್ಕೂ ಇರುವ ಸಾಮ್ಯ ಭಾಷಾಂತರದ ಸಾಮ್ಯವಲ್ಲ. ಅವು ಒಂದೇ ಬಗೆಯ ಚರಿತ್ರೆಯ ಎರಡು ಅವಶೇಷಗಳು.

‘ಡೂ’ವಿನ ಈ ವಿಚಿತ್ರ ಪಟ್ಟಾಭಿಷೇಕಕ್ಕೆ ಕಾರಣವೇನೆಂಬಲ್ಲಿ ಪಂಡಿತರು ಒಮ್ಮತರಲ್ಲ. ಬ್ರಿಟನ್ನಿನ ಮೂಲನಿವಾಸಿಗಳಾದ ಕೆಲ್ಟರ ಭಾಷೆಗಳಲ್ಲಿ, ಅಂದರೆ ವೇಲ್ಸಿನ ವೆಲ್ಷ್ ಭಾಷೆಯಲ್ಲಿಯೂ ಕಾರ್ನ್‌ವಾಲಿನ ಕಾರ್ನಿಷ್ ಭಾಷೆಯಲ್ಲಿಯೂ, ‘ಮಾಡು’ ಎಂಬ ಕ್ರಿಯಾಪದ ಸಹಾಯಕವಾಗಿ ಬಂದು, ‘ನೋಡಿದೆ’ ಎನ್ನುವುದಕ್ಕೆ ‘ನೋಡುವುದು ಮಾಡಿದೆ’ ಎನ್ನುವ ಪದ್ಧತಿಯುಂಟು. ಆ ಜನ ಇಂಗ್ಲಿಷನ್ನು ಕಲಿತಾಗ ತಮ್ಮ ಮನೆಯ ರೀತಿಯನ್ನು ಅದರೊಳಕ್ಕೆ ತಂದರೆಂದು ಅಮೆರಿಕದ ಜಾನ್ ಮೆಕ್‌ವೋರ್ಟರ್ 2008ರ ತಮ್ಮ ಪುಸ್ತಕದಲ್ಲಿ ಉತ್ಸಾಹದಿಂದ ವಾದಿಸಿದ್ದಾರೆ. ಇದಕ್ಕೆ ದೊಡ್ಡ ಆಕ್ಷೇಪ ಕಾಲದ್ದು: ಆಂಗ್ಲೋ-ಸ್ಯಾಕ್ಸನರು ಬಂದದ್ದು ಐದನೆಯ ಶತಮಾನದಲ್ಲಿ, ಬರಹದಲ್ಲಿ ಈ ‘ಡೂ’ ಸ್ಪಷ್ಟವಾಗಿ ತಲೆಯೆತ್ತುವುದು ಹದಿಮೂರನೆಯ ಶತಮಾನದಲ್ಲಿ, ನಡುವಣ ಮೌನಕ್ಕೆ ಸಮಾಧಾನ ಬೇಕು. ಅದಲ್ಲದೆ ದಕ್ಷಿಣ ಜರ್ಮನಿಯ ಆಡುಮಾತುಗಳಲ್ಲಿ ‘ಟೂನ್’ ಎಂಬ ಸೋದರಪದ ಇದೇ ರೀತಿ ಸಹಾಯಕ್ಕೆ ಬರುವುದುಂಟು. ಅಲ್ಲಿನ ಉಪಾಧ್ಯಾಯರು ಅದನ್ನು ಗ್ರಾಮ್ಯವೆಂದು ತಿದ್ದುತ್ತ ಬಂದಿದ್ದಾರೆ. ಬೀಜ ಕುಲದಲ್ಲಿಯೇ ಇತ್ತು, ಕೆಲ್ಟರ ನೆರೆಹೊರೆ ಅದಕ್ಕೆ ನೀರೆರೆದಿರಬಹುದು ಎಂಬುದು ನನಗೆ ಸಮಂಜಸವಾಗಿ ತೋರುವ ನಿಲುವು.

ಅದು ಹುಟ್ಟಿದ್ದಕ್ಕಿಂತಲೂ ಕಡ್ಡಾಯವಾದುದು ಏತಕ್ಕೆಂಬುದು ಮುಖ್ಯವಾದ ಪ್ರಶ್ನೆ, ಅದಕ್ಕೆ ಉತ್ತರ ಇಂಗ್ಲಿಷಿನ ವಾಕ್ಯಕ್ರಮದಲ್ಲಿದೆ. ವಿಭಕ್ತಿಪ್ರತ್ಯಯಗಳನ್ನೆಲ್ಲ ಕಳೆದುಕೊಂಡ ಆ ಭಾಷೆಗೆ ಕರ್ತೃ ಯಾರು, ಕರ್ಮ ಯಾವುದು ಎಂದು ತಿಳಿಸಲು ಸ್ಥಾನವಲ್ಲದೆ ಬೇರೆ ಸಾಧನವಿಲ್ಲ. ಕರ್ತೃ ಮುಂದೆ, ಕ್ರಿಯೆ ನಡುವೆ, ಕರ್ಮ ಹಿಂದೆ. ಪ್ರಶ್ನೆ ಮಾಡುವಾಗ ಮುಖ್ಯ ಕ್ರಿಯಾಪದವನ್ನೇ ಕರ್ತೃವಿನ ಮುಂದಕ್ಕೆ ಎಳೆದರೆ ಈ ಕ್ರಮ ಒಡೆದು, ಕರ್ತೃವೂ ಕರ್ಮವೂ ಪಕ್ಕಪಕ್ಕದಲ್ಲಿ ಬಂದು ಗೊಂದಲವಾಗುವುದು. ‘ಡೂ’ವನ್ನು ಮುಂದೆ ನಿಲ್ಲಿಸಿದರೆ ಕಾಲವನ್ನೂ ಪುರುಷವನ್ನೂ ಅದು ಹೊತ್ತುಕೊಳ್ಳುತ್ತದೆ, ಹಿಂದಿನ ಮೂವರ ಸಾಲು ಕದಲದೆ ನಿಲ್ಲುತ್ತದೆ. ನಿಷೇಧದಲ್ಲಿಯೂ ಹಾಗೆಯೇ: ‘ನಾಟ್’ ಎಂಬುದು ಕ್ರಿಯೆಗೂ ಕರ್ಮಕ್ಕೂ ನಡುವೆ ನುಗ್ಗುವುದು ತಪ್ಪುತ್ತದೆ. ‘ಕ್ಯಾನ್’, ‘ಮೇ’, ‘ವಿಲ್’ ಮುಂತಾದ ಸಹಾಯಕಗಳು ಇದನ್ನು ಮೊದಲೇ ಮಾಡುತ್ತಿದ್ದುದರಿಂದ ಅವಿರುವಲ್ಲಿ ‘ಡೂ’ ಬೇಕಿಲ್ಲ. ‘ಹ್ಯಾವ್’ ಎಂಬುದು ಎರಡು ದೋಣಿಗಳ ಮೇಲೆ ಕಾಲಿಟ್ಟು ನಿಂತಿದೆ: ಹಿಂದಿನ ತಲೆಮಾರಿನ ಆಂಗ್ಲರು ‘ಹ್ಯಾವ್ ಯು ಎನಿ ಮನಿ’ ಎಂದು ಕೇಳುತ್ತಿದ್ದರು, ಅಮೆರಿಕನ್ನರು ‘ಡೂ ಯು ಹ್ಯಾವ್’ ಎನ್ನುವರು, ಈಗ ಇಂಗ್ಲೆಂಡಿನಲ್ಲಿಯೂ ಎರಡನೆಯದೇ ಮೇಲುಗೈಯಾಗಿದೆ.

ಈಗ ನಮ್ಮ ಮಕ್ಕಳ ವಿಚಾರ. ‘ಡಿಡ್ ನಾಟ್ ವೆಂಟ್’ ಎಂಬ ತಪ್ಪನ್ನು ತಿದ್ದದ ಇಂಗ್ಲಿಷ್ ಉಪಾಧ್ಯಾಯರು ಕನ್ನಡನಾಡಿನಲ್ಲಿ ಇರಲಾರರು. ‘ಡಿಡ್ ಬಂದರೆ ಕ್ರಿಯಾಪದದ ಮೊದಲ ರೂಪ’ ಎಂಬ ಸೂತ್ರವನ್ನು ನೂರು ಸಲ ಬರೆಯಿಸಿದರೂ ತಪ್ಪು ಮರುಕಳಿಸುವುದು, ಏಕೆಂದರೆ ಸೂತ್ರಕ್ಕೆ ಬೇರು ತೋರಿಸಿಲ್ಲ. ಬೇರಾದರೋ ಮಗುವಿನ ಸ್ವಂತ ನುಡಿಯಲ್ಲಿಯೇ ಇದೆ. ‘ಹೋದನು’ ಎಂಬುದಕ್ಕೆ ನಿಷೇಧ ‘ಹೋಗಲಿಲ್ಲ’. ‘ಹೋದಲಿಲ್ಲ’ ಎಂದು ಎಂಥ ಎಳೆಯ ಕನ್ನಡ ಮಗುವೂ ಹೇಳದು. ‘ಹೋಗಲ್’ ಎಂಬಲ್ಲಿ ಭೂತಕಾಲದ ಗುರುತು ಏನೇನೂ ಇಲ್ಲ. ಧಾತು ಬರಿಯದಾಗಿ ನಿಂತಿದೆ, ಮಿಕ್ಕ ಭಾರವನ್ನೆಲ್ಲ ಪಕ್ಕದ ಪದಕ್ಕೆ ಬಿಟ್ಟಿದೆ. ‘ಡಿಡ್ ನಾಟ್ ಗೋ’ ಎಂಬಲ್ಲಿಯೂ ಅಷ್ಟೇ. ವಿದ್ಯಾರ್ಥಿಗೆ ಇದನ್ನು ಒಮ್ಮೆ ಕರಿಹಲಗೆಯ ಮೇಲೆ ಜೊತೆಜೊತೆಯಾಗಿ ಬರೆದು ತೋರಿಸಿದರೆ, ಪರಭಾಷೆಯ ನಿರಂಕುಶ ಆಜ್ಞೆಯಂತೆ ಕಂಡದ್ದು ಪರಿಚಿತ ಯುಕ್ತಿಯಾಗಿ ಕಾಣುವುದು. ಕನ್ನಡವನ್ನು ಬದಿಗಿಟ್ಟರೆ ಇಂಗ್ಲಿಷ್ ಚೆನ್ನಾಗಿ ಬರುವುದೆಂಬ ಭ್ರಾಂತಿ ನಮ್ಮಲ್ಲಿ ಬಲವಾಗಿರುವುದರಿಂದ ಈ ಸುಲಭೋಪಾಯ ಯಾರ ಕಣ್ಣಿಗೂ ಬೀಳುತ್ತಿಲ್ಲವೆಂಬುದು ಖೇದಕರ.

ಇನ್ನೊಂದು ಬಗೆಯಲ್ಲಿಯೂ ‘ಡೂ’ವಿನ ಮರ್ಮ ನಮಗೆ ಹೊಸತಲ್ಲ. ಫೋನ್ ಮಾಡು, ಡ್ರೈವ್ ಮಾಡು, ಟ್ರೈ ಮಾಡು ಎಂದು ಇಂದಿನವರು ಆಡುವ ಮಾತನ್ನು ಕೇಳಿ ಭಾಷೆ ಕೆಟ್ಟಿತೆಂದು ಮರುಗುವವರುಂಟು. ಎರವಲು ಪದಗಳ ಅತಿಬಳಕೆ ಮರುಗತಕ್ಕ ವಿಷಯವಿರಬಹುದು. ಆದರೆ ರಚನೆ ಮಾತ್ರ ನಮ್ಮ ಪ್ರಾಚೀನರದೇ. ಸಂಸ್ಕೃತದ ನಾಮಪದಕ್ಕೆ ‘ಗೆಯ್’ ಹಚ್ಚಿ ದಾನಂಗೆಯ್, ವಂದನೆಗೆಯ್ ಎಂದವರು ಅವರು; ಅರ್ಥವನ್ನು ಎರವಲು ಪದ ಹೊರಲಿ, ಕಾಲ ಪುರುಷ ವಚನಗಳನ್ನು ನಮ್ಮ ಕ್ರಿಯಾಪದ ಹೊರಲಿ ಎಂಬ ಹಂಚಿಕೆ ಅದು. ಸಂಸ್ಕೃತವೂ ಇದಕ್ಕೆ ಹೊರತಲ್ಲ: ಕೆಲವು ಧಾತುಗಳಿಗೆ ಪರೋಕ್ಷಭೂತದ ರೂಪ ನೇರವಾಗಿ ಸಿದ್ಧಿಸದಿದ್ದಾಗ ‘ಮಾಡು’ ಎಂಬರ್ಥದ ‘ಕೃ’ ಧಾತುವನ್ನು ಜೊತೆಗೆ ಸೇರಿಸಿ ‘ಗಮಯಾಂಚಕಾರ’ ಎಂದು ಸಾಧಿಸುವ ವಿಧಾನವನ್ನು ಪಾಣಿನಿಯೇ ವಿಧಿಸಿದ್ದಾನೆ. ಜರ್ಮಾನಿಕ್ ಭಾಷೆಗಳ ಪೂರ್ವಜರು ಕೂಡ ಇಂಥದನ್ನೇ ಮಾಡಿದರೆಂದೂ, ಇಂಗ್ಲಿಷಿನಲ್ಲಿ ಭೂತಕಾಲವನ್ನು ಸೂಚಿಸಲು ಕ್ರಿಯಾಪದದ ಕೊನೆಗೆ ಬರುವ ಡಕಾರ ಬಹು ಹಿಂದೆ ಬೆಸೆದುಕೊಂಡ ‘ಡೂ’ವಿನ ಶೇಷವೆಂದೂ ಅನೇಕ ಭಾಷಾಶಾಸ್ತ್ರಜ್ಞರು ಭಾವಿಸುವರು. ಎಲ್ಲರೂ ಇದನ್ನು ಒಪ್ಪಿಲ್ಲ. ಒಪ್ಪುವುದಾದರೆ, ‘ವಾಕ್ಡ್’ ಎಂಬ ಪದದ ತುದಿಯಲ್ಲಿಯೂ ‘ಡಿಡ್ ವಾಕ್’ ಎಂಬುದರ ಮೊದಲಿನಲ್ಲಿಯೂ ಇರುವುದು ಒಂದೇ ಧಾತು, ಎರಡು ಸಲ ಬೇರೆ ಬೇರೆ ಯುಗಗಳಲ್ಲಿ ಅದೇ ಕೆಲಸಕ್ಕೆ ಕರೆಯಲ್ಪಟ್ಟದ್ದು.

ಒತ್ತಿಲ್ಲದ ಸಾದಾ ‘ಡೂ’ ಇಂಗ್ಲಿಷಿನಿಂದ ಪೂರ್ತಿಯಾಗಿ ಅಳಿಯಿತೆಂದು ತಿಳಿಯಬಾರದು. ಇಂಗ್ಲೆಂಡಿನ ನೈರುತ್ಯ ಭಾಗದ ಸಾಮರ್ಸೆಟ್, ಡಾರ್ಸೆಟ್ ಪ್ರಾಂತಗಳ ಹಳ್ಳಿಗರು ನಿತ್ಯವಾಡಿಕೆಯ ಕ್ರಿಯೆಯನ್ನು ಹೇಳಲು ಅದನ್ನು ಬಳಸುತ್ತ ಬಂದರು. ಹತ್ತೊಂಬತ್ತನೆಯ ಶತಮಾನದಲ್ಲಿ ಡಾರ್ಸೆಟ್ಟಿನ ಪಾದ್ರಿಯೂ ಕವಿಯೂ ಆಗಿದ್ದ ವಿಲಿಯಂ ಬಾರ್ನ್ಸ್ ತನ್ನ ಆಡುನುಡಿಯ ಕವಿತೆಗಳಲ್ಲಿ ಅದಕ್ಕೆ ಸಾಹಿತ್ಯದ ಮನ್ನಣೆ ತಂದನು. ಅದರ ಇನ್ನೊಂದು ನೆಲೆ ಧರ್ಮಾಸನಗಳ ಭಾಷೆ. ಪ್ರತಿಜ್ಞೆ ಪ್ರಮಾಣಗಳಲ್ಲಿ, ನುಡಿಯುವುದೇ ಮಾಡುವುದಾಗುವ ಸಂದರ್ಭಗಳಲ್ಲಿ, ಗಾಂಭೀರ್ಯಕ್ಕಾಗಿ ಅದನ್ನು ಉಳಿಸಿಕೊಂಡಿದ್ದಾರೆ. ಅಮೆರಿಕದ ಅಧ್ಯಕ್ಷನ ಪ್ರಮಾಣವಚನದಲ್ಲಿ ಅದಿದೆ; ನಮ್ಮ ಸಂವಿಧಾನದ ಮೂರನೆಯ ಅನುಸೂಚಿಯಲ್ಲಿ ಮಂತ್ರಿಗಳೂ ನ್ಯಾಯಮೂರ್ತಿಗಳೂ ಓದಬೇಕಾದ ಪ್ರಮಾಣಗಳ ಇಂಗ್ಲಿಷ್ ಪಾಠದಲ್ಲಿಯೂ ಅದಿದೆ.

ಎಲ್ಲಕ್ಕಿಂತ ಮಿಗಿಲಾಗಿ, 1949ರ ನವೆಂಬರ್ 26ರಂದು ಅಂಗೀಕೃತವಾದ ನಮ್ಮ ಸಂವಿಧಾನದ ಪ್ರಸ್ತಾವನೆಯ ಇಂಗ್ಲಿಷ್ ಪಾಠವನ್ನು ಓದುಗರು ತೆಗೆದು ನೋಡಬೇಕು. ಭಾರತದ ಪ್ರಜೆಗಳೆಂಬ ಕರ್ತೃಪದದಿಂದ ಆರಂಭವಾಗಿ, ನ್ಯಾಯ ಸ್ವಾತಂತ್ರ್ಯ ಸಮಾನತೆ ಭ್ರಾತೃತ್ವಗಳನ್ನೆಲ್ಲ ಹಾದು, ದೀರ್ಘವಾಗಿ ಸಾಗಿ ಬಂದ ಆ ಒಂದೇ ವಾಕ್ಯ ಕೊನೆಗೆ ತನ್ನ ಕ್ರಿಯೆಯನ್ನು ಮುಟ್ಟುವಲ್ಲಿ, ಅಂಗೀಕರಿಸುವುದು, ಅಧಿನಿಯಮಿಸುವುದು, ಅರ್ಪಿಸಿಕೊಳ್ಳುವುದು ಎಂಬ ಮೂರು ಕ್ರಿಯಾಪದಗಳ ಮುಂದೆ ನಿಂತು ಅವನ್ನು ಕರ್ತೃವಿಗೆ ಜೋಡಿಸುವುದು ‘ಡೂ’ ಎಂಬ ಈ ಕಿರಿಯ ಪದವೇ. ಆ ಮೂರು ಕ್ರಿಯೆಗಳಿಗೆ ಕರ್ಮವಾಗಿರುವ ಗ್ರಂಥಕ್ಕೆ ಕನ್ನಡದಲ್ಲಿ ನಾವಿಟ್ಟುಕೊಂಡ ‘ಸಂವಿಧಾನ’ ಎಂಬ ಹೆಸರೂ ಸಮ್ ಮತ್ತು ವಿ ಎಂಬ ಉಪಸರ್ಗಗಳು ಸೇರಿದ ಧಾ ಧಾತುವಿನಿಂದಲೇ ಆದುದು.